ಕಾರ್ಮಿನಳ ರೇಡಿಯೋ

ಮಾರ್ಚ್ 5, ವಿಭೂತಿ ಬುಧವಾರ

ಬರೆದಿಡಿ ಅಂತ ಹೇಳಿದ್ದು ಪ್ರಾರ್ಥನೆ ನಡೆಸುವ ಬ್ರದರ್. ಬಂಟ್ವಾಳದ ಧ್ಯಾನಕೂಟದಲ್ಲಿ ಮೂರು ದಿವಸ ಕೂತು ಬಂದೆ. ಈಸ್ಟರ್ ಮೊದಲಿನ ನಲವತ್ತು ದಿವಸದ ತಪಸ್ಸು ಕಾಲದಲ್ಲಿ ಮನಸ್ಸಿನೊಳಗೆ ಏನೇನು ಗುದ್ದಾಟ ಆಗ್ತದೋ ಅದನ್ನು ಸಂಜೆ ಕೂತು ಬರೆಯಿರಿ, ಯಾರಿಗೂ ತೋರಿಸ್ಲಿಕ್ಕಿಲ್ಲ ಅಂತ ಕೊನೆಯ ದಿವಸ ಅವರು ಹೇಳಿದರು. ಬಸ್ಸಿನ ಧಣಿ ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿಯೇ ಇತ್ತು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಬರೀಲಿಕ್ಕೆ ಬರುವುದು ಕನ್ನಡ ಮಾತ್ರ. ವೇಣೂರು ಶಾಲೆಯ ಕನ್ನಡ, ಎಷ್ಟು ಬರ್ತದೋ ಅಷ್ಟು.

ನನ್ನ ಹೆಂಡತಿ ಕಾರ್ಮಿನ್‌ಗೆ ಡಿಸೆಂಬರಿನಲ್ಲಿ ಥೈರಾಯ್ಡ್ ಆಪರೇಶನ್ ಆಯಿತು. ಗಡ್ಡೆ ಹೋಯಿತು, ಜೊತೆಗೆ ಸ್ವರವೂ ಹೋಯಿತು. ಈಗ ಬಾಯಿ ತೆರೆದರೆ ಬರುವುದು ಗಾಳಿ. ಸ್ವರದ ನರಕ್ಕೆ ಸುಸ್ತಾಗಿದೆ, ತಿಂಗಳುಗಟ್ಟಲೆ ಬೇಕು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂದರು ಡಾಕ್ಟರು. ಬಾಯಿ ಮುಚ್ಚಿ ಗುನುಗುವ ಅಭ್ಯಾಸ ಕೊಟ್ಟಿದ್ದಾರೆ. ಅವಳು ಬೀಡಿ ಕಟ್ಟುತ್ತಾ ರೇಡಿಯೋದ ಹಾಡಿನ ಜೊತೆ ಗುನುಗ್ಲಿಕ್ಕೆ ನೋಡ್ತಾಳೆ, ಆಗುವುದಿಲ್ಲ.  ಆ ಸ್ವರ ಕೇಳಿಯೇ ನಾನು ಮದುವೆ ಆದದ್ದು. ನನ್ನ ಚಿಕ್ಕಪ್ಪನ ಮಗನ ಮದುವೆಯ ಮುಂಚಿನ ದಿವಸ, ರೋಸ್ ಅಂತ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಎಲ್ಲ ಮುಗಿದ ಮೇಲೆ, ಯಾರೋ ಒತ್ತಾಯ ಮಾಡಿದರು ಅಂತ ಇವಳು ಒಂದು ಸಿನಿಮಾ ಹಾಡು ಹೇಳಿದಳು. ಕುರ್ಚಿ ಜೋಡಿಸ್ತಾ ಇದ್ದ ನಾನು ಕುರ್ಚಿ ಕೈಯಲ್ಲಿ ಹಿಡಿದುಕೊಂಡೇ ಹಾಡು ಮುಗಿಯುವ ತನಕ ನಿಂತಿದ್ದೆ.

ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ದೇವರ ಪಾದಕ್ಕಿಡಿ, ಆಮೇಲೆ ಕೇಳಿ ಅಂದರು ಬ್ರದರ್. ನನಗೆ ಕುಡಿತ ಇಲ್ಲ. ಮಾಂಸ ಪ್ರತಿವರ್ಷ ಬಿಡ್ತೇವೆ, ಅದು ದೊಡ್ಡ ವಿಷಯ ಅಲ್ಲ. ಇರುವುದು ಒಂದೇ, ಹಾಡು. ಬೆಳ್ತಂಗಡಿ–ಮೂಡುಬಿದಿರೆ ಲೈನಿನಲ್ಲಿ ನಾನು ಓಡಿಸುವ ಬಸ್ಸಿಗೆ ಹಾಡಿನ ಬಸ್ಸು ಅಂತಲೇ ಹೆಸರು. ಹೊಸದು ಹಳತು ಎಲ್ಲ ಸೇರಿ ಒಂದು ಪೆನ್‌ಡ್ರೈವ್ ತುಂಬ ಇಟ್ಟಿದ್ದೇನೆ. ಕಾರ್ಮಿನಳ ಸ್ವರ ಬರುವ ತನಕ ಸಿನಿಮಾ ಹಾಡು ಬೇಡ ಅಂತ ಹರಕೆ ಹೇಳಿಕೊಂಡೆ. ಬಸ್ಸಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಸ್ವರ ಬಂದರೆ ಹಾಡು ಬಿಟ್ಟದ್ದಕ್ಕೆ ಬಂತು ಅಂತ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕು, ಆಮೇಲೆ ಲೋಕದ ಹಾಡನ್ನು ಜೀವಮಾನಕ್ಕೇ ಬಿಡಬೇಕು ಅಂದರು ಬ್ರದರ್. ಆಗಲಿ ಅಂದೆ.

ಮನೆಗೆ ಬಂದವನೇ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟೆ. ಕಾರ್ಮಿನ್ ಬೀಡಿ ಎಲೆಯ ಗೆರಸೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಇದ್ದಳು. ಯಾಕೆ ಅಂತ ಕೈಯಲ್ಲಿ ಕೇಳಿದಳು. ನಿನಗೋಸ್ಕರ ಅಂದೆ. ಹರಕೆ, ಸಾಕ್ಷಿ, ಜೀವಮಾನ, ಎಲ್ಲ ಹೇಳಿದೆ. ಅವಳ ಕಣ್ಣು ತುಂಬಿತು. ಸಂತೋಷ ಆಗಿರಬೇಕು.

ಮಾರ್ಚ್ 7, ಶುಕ್ರವಾರ

ಬಸ್ಸಿಗೆ ಇಷ್ಟು ಸದ್ದು ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಬಾಗಿಲು ಒಂದು ರಾಗ, ಎಡಗಡೆಯ ಕಿಟಕಿ ಇನ್ನೊಂದು ರಾಗ, ಗೇರ್‌ಬಾಕ್ಸ್ ಅದರದ್ದೇ ಪಂಚಾತಿಕೆ. ಪೆರಿಂಜೆಗೆ ಬರುವಾಗ ಮಂಡೆ ಬಿಸಿ ಆಗಿತ್ತು.

ಮೂಡುಬಿದಿರೆ ಕಾಲೇಜಿನ ಮಕ್ಕಳು ಹತ್ತಿದ ಕೂಡಲೇ ಕೇಳ್ತಾರೆ, ಅಣ್ಣಾ, ಸೆಟ್ ಹಾಳಾ ಅಂತ. ಕಂಡಕ್ಟರ್ ಹನೀಫಾ ಉತ್ತರ ಕೊಡ್ತಾನೆ, ಸೆಟ್ ಸರಿ ಉಂಟು, ಡ್ರೈವರ್ ರಿಪೇರಿಗೆ ಹೋಗಿದ್ದಾರೆ. ಅವನಿಗೆ ಎಲ್ಲವೂ ಕುಶಾಲು.

ಹನೀಫಾನಿಗೂ ಈಗ ರಂಜಾನಿನ ಉಪವಾಸ. ಹಗಲಿಡೀ ಒಂದು ತೊಟ್ಟು ನೀರು ಕುಡಿಯುವುದಿಲ್ಲ, ಆ ಸೆಕೆಯಲ್ಲಿ ಬೊಬ್ಬೆ ಹಾಕಿ ಜನ ಹತ್ತಿಸ್ತಾನೆ. ಅದನ್ನು ನಾನು ಮೆಚ್ಚಬೇಕು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಟೈಮಿಗೆ ಕಾಯುವಾಗ ಅವನು ಬಾನೆಟ್ಟಿನ ಮೇಲೆ ಕೂತು ಹೇಳಿದ, "ಇನಾಸಣ್ಣ, ನಾನು ಉಪವಾಸ ಹಿಡಿದರೆ ಹಸಿಯುವುದು ನನ್ನ ಹೊಟ್ಟೆ. ಪ್ಯಾಸೆಂಜರಿನ ಕೈಯಿಂದ ಬನ್ಸ್ ಕಿತ್ತುಕೊಳ್ತೇನಾ?"

ನೀನು ನಿನ್ನ ಟಿಕೆಟ್ ಹರಿ ಮಾರಾಯ ಅಂದೆ.

ಮಾರ್ಚ್ 12, ಬುಧವಾರ

ಹಾಡನ್ನು ನಾನು ಬಿಟ್ಟೆ, ಹಾಡು ನನ್ನನ್ನು ಬಿಡುವುದಿಲ್ಲ. ಹೊಸಂಗಡಿಯ ತಿರುವಿನಲ್ಲಿ ನೋಡಿದರೆ ಬೆರಳು ಸ್ಟೇರಿಂಗಿನ ಮೇಲೆ ತಾಳ ಹಾಕ್ತಾ ಉಂಟು. ಯಾವ ಹಾಡು ಅಂತ ಬರೆಯುವುದಿಲ್ಲ. ಬರೆದರೆ ಪುನಃ ಸುರು ಆಗ್ತದೆ. ಅದನ್ನು ಓಡಿಸ್ಲಿಕ್ಕೆ ಜಪಮಾಲೆಯ ಪ್ರಾರ್ಥನೆ ಹೇಳಿಕೊಂಡೆ, ಎರಡು ನಿಮಿಷಕ್ಕೆ ಪ್ರಾರ್ಥನೆಯೂ ಅದೇ ತಾಳಕ್ಕೆ ಬಂತು. ಆ ಸಿಟ್ಟಿನಲ್ಲಿ ಚಿಲ್ಲರೆ ವಿಷಯಕ್ಕೆ ಒಬ್ಬ ಮಾಸ್ಟ್ರಿಗೆ ಜೋರು ಮಾಡಿದೆ. ಚಿಲ್ಲರೆ ಕಂಡಕ್ಟರಿನ ಕೆಲಸ, ನನಗೆ ಅದರಲ್ಲಿ ಎಂತ.

ಸಂಜೆ ತೇರ್ಸಿಗೆ, ಅಂದರೆ ಜಪಮಾಲೆಯ ಪ್ರಾರ್ಥನೆಗೆ ಕೂತೆವು. ಆಪರೇಶನಿಗೆ ಮೊದಲು ಅದು ಮುಗಿದ ಮೇಲೆ ಮರಿಯಮ್ಮನವರ ಹಾಡನ್ನು ಕಾರ್ಮಿನ್ ಎತ್ತುತ್ತಿದ್ದಳು, ನಾನು ಹಿಂದಿನಿಂದ ಹೇಳ್ತಿದ್ದೆ. ಈಗ ನಾನೇ ಎತ್ತಬೇಕು. ನನ್ನದು ಕೋಣದ ಸ್ವರ. ಎರಡನೇ ಸಾಲಿನಲ್ಲಿ ರಾಗ ಜಾರಿ ಸಿನಿಮಾ ಹಾಡಿಗೆ ಹೋಯಿತು. ಕಾರ್ಮಿನ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು, ಭುಜ ಅಲುಗುತ್ತಿತ್ತು. ಪಾಪ, ನನ್ನ ಹರಕೆ ಮುರಿಯಿತು ಅಂತ ಅತ್ತಳು ಅಂತ ಕಾಣ್ತದೆ.

ಈಗ ಮಧ್ಯಾಹ್ನ ಅವಳು ಗೆರಸೆ ತೆಗೆದುಕೊಂಡು ಆಚೆಮನೆ ಪೂವಮ್ಮನ ಜಗಲಿಗೆ ಹೋಗ್ತಾಳಂತೆ. ಅಲ್ಲಿ ನಾಲ್ಕೈದು ಹೆಂಗಸರು ಸೇರಿ ಬೀಡಿ ಕಟ್ಟುತ್ತಾರೆ. ನಮ್ಮಲ್ಲಿ ಸೆಕೆ, ಅಲ್ಲಿ ಗಾಳಿ ಉಂಟು ಅಂತ ಕೈಸನ್ನೆಯಲ್ಲಿ ಹೇಳಿದಳು. ಹೋಗಲಿ ಬಿಡಿ, ಮಾತಿಲ್ಲದ ಮನೆಯಲ್ಲಿ ಒಬ್ಬಳೇ ಎಷ್ಟು ಅಂತ ಕೂತುಕೊಳ್ಳುವುದು.

ಮಾರ್ಚ್ 16, ಭಾನುವಾರ

ಪೂಜೆ ಮುಗಿದ ಮೇಲೆ ಫಾದರ್ ಇಗರ್ಜಿಯ ಮೆಟ್ಟಿಲ ಮೇಲೆ ಸಿಕ್ಕಿದರು. ಹಾಡಿನ ಬಸ್ಸು ಮೌನವ್ರತ ಹಿಡಿದಿದೆಯಂತೆ ಅಂತ ನಗಾಡಿದರು. ಊರಿಗೇ ಸುದ್ದಿ ಆಗಿದೆ. ನಾನು ನೆಟ್ಟಗೆ ಕೇಳಿದೆ, "ಫಾದರ್, ಸಿನಿಮಾ ಹಾಡು ಪಾಪವಾ ಅಲ್ಲವಾ?"

"ಕೆಲವು ಕೇಳಿದರೆ ಕಿವಿ ಮುಚ್ಚುವ ಅಂತ ಆಗ್ತದೆ. ಕೆಲವು ಕೇಳಿದರೆ ನನಗೆ ತೀರಿಹೋದ ನನ್ನ ಅಮ್ಮನ ನೆನಪಾಗ್ತದೆ. ಎಲ್ಲವನ್ನೂ ಒಂದೇ ಗೋಣಿಗೆ ತುಂಬಿಸಬೇಡ," ಅಂದರು. ನನ್ನ ಮುಖ ನೋಡಿ, "ಬಿಟ್ಟದ್ದು ಒಳ್ಳೆಯದೇ ಇನಾಸ್. ಬಿಟ್ಟ ಮೇಲೆ ನೀನು ಮೆತ್ತಗೆ ಆಗಿದ್ದೀಯಾ, ಗಟ್ಟಿ ಆಗಿದ್ದೀಯಾ?" ಅಂತ ಕೇಳಿದರು.

ಒತ್ತಿ ನೋಡ್ಲಿಕ್ಕೆ ನಾನೇನು ಹಲಸಿನಕಾಯಿಯಾ? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಂದೆ. ಬ್ರದರಿನ ಹಾಗೆ ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತ ಹೇಳುವವರು ಬೇಕು. ಫಾದರದ್ದು ಯಾವಾಗಲೂ ಆಚೆಗೂ ಇಲ್ಲ, ಈಚೆಗೂ ಇಲ್ಲ.

ಮಾರ್ಚ್ 20, ಗುರುವಾರ

ಧಣಿ ಲೋಕನಾಥ ಬೆಳ್ತಂಗಡಿಯಲ್ಲಿ ಕಾಯ್ತಾ ಇದ್ದರು. ಒಳ್ಳೆಯ ಮನುಷ್ಯ, ಇಷ್ಟು ವರ್ಷದಲ್ಲಿ ಒಂದು ದಿವಸ ಸ್ವರ ಎತ್ತಿದವರಲ್ಲ. ಇವತ್ತೂ ಎತ್ತಲಿಲ್ಲ, ಅದೇ ಕಷ್ಟ. ನಮ್ಮ ಜಾತಿಯವರನ್ನು ತುಳುವಿನಲ್ಲಿ ಕರೆಯುವ ಹಾಗೆ ಪೊರ್ಬುಲೆ ಅಂತಲೇ ಸುರು ಮಾಡಿದರು. "ಪೊರ್ಬುಲೆ, ಮಕ್ಕಳು ನಮ್ಮ ಬಸ್ಸು ಬಿಟ್ಟು ಹಿಂದಿನ ಬಸ್ಸಿಗೆ ಕಾಯ್ತಾರೆ. ನಿಮ್ಮ ಹರಕೆಗೆ ನಾನು ಅಡ್ಡ ಬರುವುದಿಲ್ಲ. ನೀವು ಕೇಳಬೇಡಿ. ಆದರೆ ಅವರು ಕೇಳಲಿ. ನಾಳೆಯಿಂದ ಹಾಡು ಹಾಕಿ."

ಕೇಳದೆ ಇರುವುದು ಹೇಗೆ? ಸೆಟ್ ಇರುವುದು ನನ್ನ ತಲೆಯ ಮೇಲೆ.

ಮಾರ್ಚ್ 21, ಶುಕ್ರವಾರ

ದಾರಿ ಧಣಿಯೇ ತೋರಿಸಿದ್ದಾರೆ. ವೇಣೂರಿನ ಮೆಡಿಕಲಿನಿಂದ ಹತ್ತಿ ತೆಗೊಂಡೆ. ಎರಡು ಕಿವಿಗೂ ಗಟ್ಟಿ ತುಂಬಿದೆ. ಮೇಲೆ ಮಂಡೆಗೆ ಕರ್ಚೀಫ್ ಕಟ್ಟಿದೆ, ಯಾರಿಗೂ ಕಾಣುವುದಿಲ್ಲ. ಹನೀಫಾನಿಗೆ ಸೆಕೆಗೆ ಕಟ್ಟಿದ್ದು ಅಂತ ಹೇಳಿದೆ.

ಮಾರ್ಚ್ 25, ಮಂಗಳವಾರ

ಹತ್ತಿ ಬಹಳ ಲಾಯಕ್. ಹಾಡು ಎಲ್ಲಿಯೋ ಆಚೆ ಗದ್ದೆಯಲ್ಲಿ ಹಾಕಿದ ಹಾಗೆ ಕೇಳ್ತದೆ, ಮಾತು ತಿಳಿಯುವುದಿಲ್ಲ. ಹನೀಫಾನ ವಿಶಲ್ ಸಣ್ಣಕ್ಕೆ ಕೇಳ್ತದೆ, ಅಷ್ಟು ಸಾಕು. ಹರಕೆಯೂ ಉಳಿಯಿತು, ಕೆಲಸವೂ ಉಳಿಯಿತು. ಬುದ್ಧಿ ಇದ್ದರೆ ದಾರಿ ಉಂಟು.

ಸಂಜೆ ಮಗಳು ರೆನಿಟಾ ಫೋನ್ ಮಾಡಿದಳು, ಶಿರ್ವದಿಂದ. ಅಮ್ಮ ಹೇಗಿದ್ದಾಳೆ ಅಂತ ಕೇಳುತ್ತಾಳೆ ಅಂದುಕೊಂಡರೆ, ಮೊನ್ನೆ ಅಮ್ಮನ ಹತ್ತಿರ ತುಂಬ ಹೊತ್ತು ಮಾತಾಡಿದೆ ಪಪ್ಪಾ, ಖುಷಿ ಆಯಿತು ಅಂದಳು. ಎಂತ ಮಾತಾಡಿದ್ದು, ಅವಳಿಗೆ ಸ್ವರ ಎಲ್ಲಿ ಉಂಟು ಅಂದೆ. ಅಲ್ಲ, ಮೆಸೇಜು, ಮೆಸೇಜಿನಲ್ಲಿ ಅಂತ ಹೇಳಿ ಮಗು ಅಳ್ತದೆ ಅಂತ ಫೋನ್ ಇಟ್ಟಳು. ಈಗಿನವರಿಗೆ ಮೊಬೈಲ್ ಕುಟ್ಟುವುದೂ ಮಾತಾಡಿದ ಲೆಕ್ಕವೇ.

ಮಾರ್ಚ್ 27, ಗುರುವಾರ



ಗರ್ಡಾಡಿಯಲ್ಲಿ ಒಬ್ಬರು ಅಜ್ಜಿ ಇಳಿಯುತ್ತಿದ್ದರು. ಒಂದು ಕಾಲು ಕೆಳಗೆ, ಒಂದು ಕಾಲು ಮೆಟ್ಟಿಲ ಮೇಲೆ. ವಿಶಲ್ ಆಯಿತು ಅಂತ ನಾನು ಗೇರ್ ಹಾಕಿದೆ. ಅದು ವಿಶಲ್ ಅಲ್ಲ, ಹಾಡಿನಲ್ಲಿ ಬಂದ ಕೊಳಲೋ ಎಂತದೋ. ಹನೀಫಾ ನಿಲ್ಲಿಸಿ, ನಿಲ್ಲಿಸಿ ಅಂತ ಬೊಬ್ಬೆ ಹಾಕಿದ್ದಾನೆ, ಬಸ್ಸಿಡೀ ಬೊಬ್ಬೆ ಹಾಕಿದೆ. ನನಗೆ ಕೇಳಲಿಲ್ಲ. ಅವನು ಎದುರಿನ ತನಕ ಓಡಿ ಬಂದು ಗ್ಲಾಸಿಗೆ ಗುದ್ದಿದ ಮೇಲೆ ನಿಲ್ಲಿಸಿದೆ.

ಅಜ್ಜಿ ರಸ್ತೆಯ ಬದಿಯಲ್ಲಿ ಕೂತಿದ್ದರು. ಮೊಣಕಾಲಿನ ಚರ್ಮ ಕಿತ್ತುಹೋಗಿ ರಕ್ತ, ಕೈ ಊದಿತ್ತು. ಎಂತ ಆಗ್ಲಿಲ್ಲ ಮಗಾ, ನಾನೇ ಬೇಗ ಇಳಿಯಬೇಕಿತ್ತು ಅಂತ ನನಗೇ ಸಮಾಧಾನ ಹೇಳಿದರು. ಹನೀಫಾ ನನ್ನ ಮಂಡೆಯ ಕರ್ಚೀಫ್ ಎಳೆದ. ಕಿವಿಯಿಂದ ಹತ್ತಿ ಅವನೇ ತೆಗೆದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಟೋದಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಕರಕೊಂಡು ಹೋದೆ. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವ. ಮನೆಯಲ್ಲಿ ಕಾರ್ಮಿನ್‌ಗೆ ಎಲ್ಲ ಹೇಳಿದೆ. ಅವಳು ನನ್ನ ಎರಡು ಕಿವಿಯನ್ನೂ ಕೈಯಲ್ಲಿ ಹಿಡಿದು ಮುಖ ನೋಡಿದಳು. ಏನೋ ಹೇಳ್ಲಿಕ್ಕೆ ಬಾಯಿ ತೆರೆದಳು. ಮತ್ತೆ ಮುಚ್ಚಿ ನೀರು ಕಾಯಿಸ್ಲಿಕ್ಕೆ ಒಳಗೆ ಹೋದಳು.

ಮಾರ್ಚ್ 28, ಶುಕ್ರವಾರ

ಧಣಿ ಫೋನ್ ಮಾಡಿದರು. ಹತ್ತು ದಿವಸ ಮನೆಯಲ್ಲಿ ಕೂತು ಮಂಡೆ ಸರಿ ಮಾಡಿಕೊಳ್ಳಿ ಪೊರ್ಬುಲೆ ಅಂದರು. ಸರಿ ಅಂದೆ.

ಮಾರ್ಚ್ 31, ಸೋಮವಾರ

ಇವತ್ತು ಹನೀಫಾನ ಹಬ್ಬ. ಮಧ್ಯಾಹ್ನ ಹೊಸ ಬಿಳಿ ಅಂಗಿ ಹಾಕಿಕೊಂಡು, ಸೆಂಟ್ ಹಚ್ಚಿಕೊಂಡು ಬಂದ. ಕೈಯಲ್ಲಿ ಟಿಫಿನ್ ಕ್ಯಾರಿಯರ್. "ಬಿರಿಯಾನಿ ತರ್ತಿದ್ದೆ. ರಶೀನಾ ಬೈದಳು, ಪೊರ್ಬುಗ್ಳಿಗೆ ಈಗ ಮಾಂಸ ಆಗುವುದಿಲ್ಲ ಅಂತ ಗೊತ್ತಿಲ್ಲವಾ ನಿಮಗೆ ಅಂತ. ಅದಕ್ಕೆ ನಿಮಗೆ ಬೇರೆ ಪಾಯಸ ಮಾಡಿ ಕೊಟ್ಟಿದ್ದಾಳೆ." ಅವನ ಹೆಂಡತಿ ನನ್ನ ಉಪವಾಸವನ್ನು ನೆನಪಿಟ್ಟುಕೊಂಡು ಹಬ್ಬದ ಗಡಿಬಿಡಿಯಲ್ಲಿ ಬೇರೆ ಪಾತ್ರೆ ಒಲೆಯ ಮೇಲೆ ಇಟ್ಟಿದ್ದಾಳೆ.  ಕೂತುಕೋ, ಕಾರ್ಮಿನಳನ್ನು ಕರೀತೇನೆ ಅಂತ ಪೂವಮ್ಮನ ಮನೆಗೆ ಹೊರಟೆ.

ಅವರ ದನದ ಹಟ್ಟಿಯ ಹಿಂದಿನಿಂದ ಒಂದು ಕಾಲುದಾರಿ ಉಂಟು. ಹಟ್ಟಿ ದಾಟುವ ಮೊದಲೇ ರೇಡಿಯೋ ಕೇಳಿತು. ಹಳೇ ಸಿನಿಮಾ ಹಾಡು. ಕಿವಿ ಮುಚ್ಚಿಕೊಳ್ಳುವ ಅಂತ ಕೈ ಎತ್ತಿದವನು ಅರ್ಧದಲ್ಲಿ ನಿಂತೆ. ರೇಡಿಯೋದ ಜೊತೆ ಇನ್ನೊಂದು ಸ್ವರ ಇತ್ತು.

ಮೇಲಿನ ಸ್ವರಕ್ಕೆ ಹೋಗುವಾಗ ಸ್ವಲ್ಪ ಒಡೆಯುತ್ತಿತ್ತು. ಮೊದಲು ಹೀಗೆ ಒಡೆಯುತ್ತಿರಲಿಲ್ಲ. ಆದರೆ ಅವಳದ್ದೇ. ನನಗೆ ತಪ್ಪುವುದಿಲ್ಲ, ಸಾವಿರ ಜನರ ನಡುವೆಯೂ ತಪ್ಪುವುದಿಲ್ಲ. ಹಾಡು ಮುಗಿಯಿತು, ಹೆಂಗಸರು ನಗಾಡಿದರು. ಪೂವಮ್ಮ ರೇಡಿಯೋ ಸಣ್ಣ ಮಾಡಿ ಕಾರ್ಮಿನ್‌ಗೆ, "ಬಾಯಮ್ಮ, ಇನ್ನು ನಿಮ್ಮ ಇಗರ್ಜಿಯದ್ದು ಒಂದು ಹೇಳಿ" ಅಂದರು. ಆಗ ಅವಳು ಮರಿಯಮ್ಮನವರ ಹಾಡು ಎತ್ತಿದಳು. ನಮ್ಮ ತೇರ್ಸಿನ ಹಾಡು. ನಾನು ದಿನಾ ಸಂಜೆ ಕೋಣದ ಸ್ವರದಲ್ಲಿ ಒಬ್ಬನೇ ಹೇಳುವ ಹಾಡು. ಪೂವಮ್ಮ ಮತ್ತೆ ಉಳಿದವರು ಕೊಂಕಣಿ ತಿಳಿಯದಿದ್ದರೂ ರಾಗಕ್ಕೆ ಸೇರಿ ಗುನುಗುತ್ತಿದ್ದರು.

ನಾನು ಹಟ್ಟಿಯ ಗೋಡೆಗೆ ಕೈ ಕೊಟ್ಟು ಎಷ್ಟು ಹೊತ್ತು ನಿಂತೆನೋ. ಕರೆಯದೆ ವಾಪಸ್ ಬಂದೆ. ಅವಳಿಗೆ ಕೆಲಸ ಉಂಟಂತೆ ಅಂತ ಹನೀಫಾನಿಗೆ ಸುಳ್ಳು ಹೇಳಿದೆ. ಪಾಯಸಕ್ಕೆ ಸಿಹಿ ಇತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಏಪ್ರಿಲ್ 1, ಮಂಗಳವಾರ

ಮೋಸ. ಕಟ್ಟಿಕೊಂಡ ಗಂಡನಿಗೆ ಮೋಸ. ಊರಿಡೀ ಗೊತ್ತುಂಟು, ಮಗಳಿಗೂ ಗೊತ್ತುಂಟು, ಗೊತ್ತಿಲ್ಲದ್ದು ನನಗೆ ಒಬ್ಬನಿಗೆ.

ಏಪ್ರಿಲ್ 3, ಗುರುವಾರ

ಚಾ ಬೇಕಾ ಅಂತ ಅವಳು ಕೈಯಲ್ಲಿ ಕೇಳ್ತಾಳೆ. ಬೇಡ ಅಂತ ನಾನೂ ಕೈಯಲ್ಲೇ ಹೇಳ್ತೇನೆ. ಇಬ್ಬರು ಮಾತು ಬರುವವರು ಮೂಗರ ಹಾಗೆ ಒಂದು ಮನೆಯಲ್ಲಿ ಇದ್ದೇವೆ. ಕೇಳಿಯೇ ಬಿಡುವ ಅಂತ ನಾಲ್ಕು ಸಲ ಬಾಯಿ ತೆರೆದೆ. ಕೇಳಿದರೆ ಅವಳು ಎಂತ ಹೇಳ್ತಾಳೋ ಅಂತ ಹೆದರಿಕೆ ಆಗ್ತದೆ. ಯಾಕೆ ಹೆದರಿಕೆ ಅಂತ ಗೊತ್ತಾಗುವುದಿಲ್ಲ. ತಪ್ಪು ಮಾಡಿದ್ದು ಅವಳು.

ಏಪ್ರಿಲ್ 5, ಶನಿವಾರ

ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಎದುರು ಪೂವಮ್ಮ ಸಿಕ್ಕಿದರು. ತಪ್ಪಿಸಿಕೊಂಡು ಹೋಗುವ ಅಂತ ನೋಡಿದೆ, ಬಿಡಲಿಲ್ಲ. "ಪೊರ್ಬುಲೆ, ಮೊನ್ನೆ ನೀವು ಹಟ್ಟಿಯ ಹಿಂದೆ ನಿಂತದ್ದು ನಾನು ನೋಡಿದ್ದೇನೆ. ಬಾಯಮ್ಮನಿಗೆ ಹೇಳಲಿಲ್ಲ."

ಯಾವಾಗ ಬಂತು ಸ್ವರ ಅಂತ ಕೇಳಿದೆ. ನಮ್ಮಲ್ಲಿಗೆ ಬಂದು ನಾಲ್ಕೈದು ದಿವಸಕ್ಕೆ ಅಂದರು. ಡಾಕ್ಟರು ಗುನುಗ್ಲಿಕ್ಕೆ ಹೇಳಿದ್ದಾರಂತೆ, ರೇಡಿಯೋ ಇಲ್ಲದೆ ಅವಳಿಗೆ ಆಗುವುದಿಲ್ಲವಂತೆ, ಅದಕ್ಕೆ ದಿನಾ ಬರುವುದಂತೆ. ಒಂದು ದಿವಸ ಹಾಡಿನ ನಡುವೆ ತಟ್ಟನೆ ಸ್ವರ ಹೊರಟಿತಂತೆ. ಅವಳು ಗೆರಸೆ ಬದಿಗಿಟ್ಟು ಅತ್ತಳಂತೆ.

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ ನೀವು ಸಾಕ್ಷಿಯೋ ಎಂತದೋ ಹೇಳಲು ಹೋಗ್ತೀರಂತೆ. ಆಮೇಲೆ ಜನ್ಮಪೂರ್ತಿ ರೇಡಿಯೋ ಕಪಾಟಿನ ಮೇಲೆಯೇ ಅಂತೆ. ಹಾಡು ಬಿಟ್ಟದ್ದರಿಂದ ಸ್ವರ ಬಂತು ಅಂತ ಅವರು ಹೇಳುವುದು, ಹಾಡಿದ್ದರಿಂದ ಬಂತು ಅಂತ ನನಗೆ ಗೊತ್ತುಂಟು, ಇಗರ್ಜಿಯಲ್ಲಿ ನಿಂತು ನಾನು ಯಾವ ಬಾಯಿಯಲ್ಲಿ ಹೂಂ ಅನ್ನಲಿ ಅಂತ ಕೇಳಿದಳು." ಪೂವಮ್ಮ ಎಲೆಯ ಕಟ್ಟನ್ನು ಸೊಂಟಕ್ಕೆ ಏರಿಸಿಕೊಂಡರು. "ಬೇಜಾರು ಮಾಡಬೇಡಿ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ಆಯಿತು ನಿಮ್ಮದು. ಆ ರೇಡಿಯೋ ಅವಳಿಗೆ ಅವಳ ಅಪ್ಪ ಕೊಟ್ಟದ್ದಲ್ಲವಾ?"

ಹೌದು, ಅವಳ ಅಪ್ಪ ಕೊಟ್ಟದ್ದು. ಅದನ್ನು ಟವೆಲಿನಲ್ಲಿ ಸುತ್ತುವಾಗ ನನಗೆ ನೆನಪೇ ಆಗಲಿಲ್ಲ. ಈ ಪೂವಮ್ಮನಿಗೆ ನಾಲಿಗೆ ಸ್ವಲ್ಪ ಉದ್ದ.

ಏಪ್ರಿಲ್ 8, ಮಂಗಳವಾರ

ಪುನಃ ಬಸ್ಸು ಹತ್ತಿದೆ. ಹನೀಫಾ ಹಾಡು ಹಾಕಿದ. ಧಣಿಯ ಬಸ್ಸು, ಧಣಿಯ ಮಾತು. ನಾನು ಕೇಳಲಿಲ್ಲ, ಕಿವಿಗೆ ಬಿತ್ತು. ಹತ್ತಿ ಇಲ್ಲ.

ಗರ್ಡಾಡಿಯಲ್ಲಿ ಆ ಅಜ್ಜಿ ಕೈ ತೋರಿಸಿದರು. ಇಂಜಿನ್ ಬಂದ್ ಮಾಡಿ ನಾನೇ ಇಳಿದು ಕೈ ಹಿಡಿದು ಹತ್ತಿಸಿದೆ. ಎದುರಿನ ಸೀಟಿನಲ್ಲಿ ಕೂತು, ಹಾಡು ಒಳ್ಳೆಯದುಂಟು ಮಗಾ ಅಂದರು. ಟೈಮ್ ತಪ್ಪಿತು, ಹಿಂದಿನ ಬಸ್ಸಿನವ ಹಾರ್ನ್ ಹೊಡೆದು ಹೊಡೆದು ಸಾಕಾದ.

ಏಪ್ರಿಲ್ 16, ಬುಧವಾರ

ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಮೊದಲು ಫಾದರ್ ಹತ್ತಿರ ಪಾಪ ನಿವೇದನೆ. ಉದ್ದ ಸಾಲು. ನನ್ನ ಸರದಿ ಬಂದಾಗ ಹೇಳಿದೆ, ಹೆಂಡತಿಯ ಮೇಲೆ ಸಿಟ್ಟು ಇಟ್ಟುಕೊಂಡಿದ್ದೇನೆ ಫಾದರ್, ಅವಳಿಗೆ ಸ್ವರ ಬಂದಿದೆ, ನನ್ನಿಂದ ಮುಚ್ಚಿಟ್ಟಿದ್ದಾಳೆ. ಅಜ್ಜಿಯ ವಿಷಯವೂ ಹೇಳಿದೆ, ಹತ್ತಿಯ ವಿಷಯವೂ ಹೇಳಿದೆ.

 ಫಾದರ್ ಕೇಳಿದ್ದು ಒಂದೇ. ಸ್ವರ ಬಂದದ್ದಕ್ಕೆ ದೇವರಿಗೆ ಉಪಕಾರ ಹೇಳಿದ್ದೀಯಾ?

ಹೇಳಿರಲಿಲ್ಲ. ಡಿಸೆಂಬರಿನಿಂದ ಬೇಡಿದ್ದು ಅದನ್ನೇ. ಬಂದು ಅಷ್ಟು ದಿವಸ ಆಗಿತ್ತು, ನಾನು ಕೇಳಿದ ಮೇಲೆಯೇ ಎರಡು ವಾರ ದಾಟಿತ್ತು, ಒಂದು ಸಲವೂ ಹೇಳಿರಲಿಲ್ಲ. ಇಗರ್ಜಿಯ ಬೆಂಚಿನಲ್ಲಿ ಕೂತೆ. ಹೇಳಬೇಕು ಅಂತ ಮೊಣಕಾಲೂರಿದೆ, ಕಣ್ಣಿನಲ್ಲಿ ನೀರು ಬಂತು. ವಯಸ್ಸಾದ ಮೇಲೆ ಹಾಗೆ ಆಗ್ತದೆ.

ಏಪ್ರಿಲ್ 19, ಶನಿವಾರ

ಸಂಜೆ ಪೂಜೆಗೆ ಹೋಗುವ ದಾರಿಯಲ್ಲಿ ವೇಣೂರಿನಲ್ಲಿ ರೇಡಿಯೋಕ್ಕೆ ಸೆಲ್ ತೆಗೊಂಡೆ. ಹಳೇ ಸೆಲ್ ಒಳಗೆ ಇದ್ದರೆ ಸೋರಿ ಸೆಟ್ ಹಾಳಾಗ್ತದೆ, ಅದಕ್ಕೆ. ಬೇರೆ ಎಂತ ಇಲ್ಲ.

ಇಗರ್ಜಿಯಲ್ಲಿ ಮೊಂಬತ್ತಿ ಹೊತ್ತಿಸಿ, ಗಂಟೆ ಬಾರಿಸಿ, ಇಷ್ಟು ದಿವಸ ನಿಲ್ಲಿಸಿದ್ದ ಮಹಿಮೆಯ ಹಾಡನ್ನು ಎಲ್ಲರೂ ಒಟ್ಟಿಗೆ ಎತ್ತಿದರು. ವರ್ಷದಲ್ಲಿ ಅಷ್ಟು ಸಂತೋಷದ ಹಾಡು ಇನ್ನೊಂದಿಲ್ಲ. ನಾನು ಪಕ್ಕಕ್ಕೆ ನೋಡಿದೆ. ಕಾರ್ಮಿನ್ ತುಟಿ ಅಲುಗಿಸುತ್ತಿದ್ದಳು. ಗಂಟಲಿನ ಗಾಯದ ಹತ್ತಿರ ಬೆರಳು ಒತ್ತಿಕೊಂಡಿದ್ದಳು, ಸ್ವರ ತಪ್ಪಿ ಹೊರಗೆ ಬಂದೀತು ಅಂತ. ಕುತ್ತಿಗೆಯ ನರ ಎದ್ದಿತ್ತು. ಇಡೀ ಇಗರ್ಜಿ ಹಾಡ್ತಾ ಉಂಟು, ಹಾಡಲು ಬರುವವಳು ಒಬ್ಬಳು ನನಗೆ ಹೆದರಿ ಬಾಯಿ ಕಟ್ಟಿ ನಿಂತಿದ್ದಾಳೆ.

ನಾನು ಹಾಡಲಿಲ್ಲ.

ಏಪ್ರಿಲ್ 20, ಪಾಸ್ಕ

ಬೆಳಿಗ್ಗೆ ಅವಳು ಹಬ್ಬದ ಸಾನ್ನ, ನಮ್ಮವರ ಇಡ್ಲಿ, ಬೇಯಿಸ್ಲಿಕ್ಕೆ ಇಟ್ಟಿದ್ದಳು. ನಾನು ಕುರ್ಚಿ ಹಾಕಿ ಹತ್ತಿ ಕಪಾಟಿನ ಮೇಲಿನಿಂದ ರೇಡಿಯೋ ಇಳಿಸಿದೆ. ಟವೆಲಿನ ಮೇಲೆ ಧೂಳು. ಜಗಲಿಯಲ್ಲಿ ಕೂತು ಒರೆಸಿದೆ, ಹಳೇ ಸೆಲ್ ತೆಗೆದೆ. ಸೋರಿರಲಿಲ್ಲ.

ಅಷ್ಟರಲ್ಲಿ ಬ್ರದರಿನ ಫೋನ್. ಪಾಸ್ಕದ ಶುಭಾಶಯ ಹೇಳಿ, ಹೆಂಡತಿಯ ವಿಷಯ ಕೇಳಿದರು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಹೇಳಿದೆ, "ಸ್ವರ ಬಂದಿದೆ ಬ್ರದರ್."

ಅವರಿಗೆ ಆದ ಸಂತೋಷ ಹೇಳಿ ಪೂರೈಸುವುದಿಲ್ಲ. ದೇವರಿಗೆ ಸ್ತೋತ್ರ ಅಂತ ಮೂರು ಸಲ ಹೇಳಿದರು. ಮುಂದಿನ ಭಾನುವಾರ ಸಭೆಗೆ ಬನ್ನಿ ಇನಾಸ್, ನಿಮ್ಮ ಸಾಕ್ಷಿ ಎಲ್ಲರೂ ಕೇಳಬೇಕು, ಎಷ್ಟು ಜನ ಲೋಕದ ಹಾಡು ಬಿಡ್ತಾರೆ ನೋಡಿ ಅಂದರು. ಒಳ್ಳೆಯವರು ಅವರು. ನನಗೋಸ್ಕರ ಪ್ರಾರ್ಥನೆ ಮಾಡಿದವರು. ನನಗೆ ಅವರ ಮೇಲೆ ಸಿಟ್ಟು ಏನೂ ಇಲ್ಲ.

"ನಾನು ಬರುವುದಿಲ್ಲ ಬ್ರದರ್. ಸ್ವರ ಅವಳದ್ದು. ಹೇಳುವುದಿದ್ದರೆ ಅವಳು ಹೇಳಬೇಕು, ಅವಳಿಗೆ ಹೇಗೆ ಬಂತು ಅಂತ ಅವಳಿಗೇ ಗೊತ್ತು. ನನಗೆ ಗೊತ್ತಿಲ್ಲ." ಸ್ವಲ್ಪ ಜೋರಾಗಿಯೇ ಹೇಳಿದೆ, ಆಚೆ ಬದಿಗೆ ಸರಿ ಕೇಳ್ತಿರಲಿಲ್ಲ ಅಂತ ಕಾಣ್ತದೆ. ಮತ್ತೆ ಹರಕೆ ಅಂತ ಅವರು ಕೇಳಿದರು. "ಸ್ವರ ಬರುವ ತನಕ ಅಂತ ಹೇಳಿಕೊಂಡದ್ದು. ಬಂತಲ್ಲ," ಅಂದೆ. ಜೀವಮಾನದ ವಿಷಯ ಅವರು ಎತ್ತುವ ಮೊದಲು ಹಬ್ಬದ ಶುಭಾಶಯ ಹೇಳಿ ಫೋನ್ ಇಟ್ಟೆ.

ಅಡಿಗೆಮನೆಯಲ್ಲಿ ಇನ್ನೂ ಸದ್ದಿಲ್ಲ. ಸಾನ್ನದ ಹಬೆಯ ಪರಿಮಳ ಮಾತ್ರ ಬರುತ್ತಿತ್ತು.

ಹೊಸ ಸೆಲ್ ಹಾಕಿದೆ. ಸರಿ ಉಂಟಾ ಅಂತ ನೋಡಬೇಕಲ್ಲ. ಗುಂಡಿ ತಿರುಗಿಸಿದೆ. ಗುರ್ ಅಂತ ಸದ್ದು, ನಡುವೆ ಯಾವುದೋ ಹಾಡಿನ ತುಂಡು, ಪುನಃ ಗುರ್. ಆಚೆ ತಿರುಗಿಸಿದರೆ ವಾರ್ತೆ, ಈಚೆ ತಿರುಗಿಸಿದರೆ ಮಲಯಾಳಂ. ಇಷ್ಟು ವರ್ಷದಲ್ಲಿ ಈ ರೇಡಿಯೋದ ಗುಂಡಿ ನಾನು ಮುಟ್ಟಿದವನಲ್ಲ. ನನ್ನ ಕೈಗೆ ಸ್ಟೇಷನ್ ಸಿಗುವುದಿಲ್ಲ.

"ಅಷ್ಟು ಅಲ್ಲ. ಸ್ವಲ್ಪ ಈಚೆ ತಿರುಗಿಸಿ."

ಒಳಗಿನಿಂದ. ಕೊಂಕಣಿಯಲ್ಲಿ. ಮೊದಲಿನ ಸ್ವರ, ಅಂಚಿನಲ್ಲಿ ಸ್ವಲ್ಪ ಒಡೆದದ್ದು.

ನಾನು ತಲೆ ಎತ್ತಲಿಲ್ಲ. ಎಷ್ಟು ಈಚೆ ಅಂತ ಕೇಳಿದೆ.

"ಇನ್ನೂ ಸ್ವಲ್ಪ. ಹಾಂ, ಅಲ್ಲಿ ಬಿಡಿ."

ಬಿಟ್ಟೆ.